ಮಂಗಳವಾರ ಬನ್ನಿ

ದುರ್ಗಿಗುಡಿಯ ಎರಡನೇ ತಿರುವಿನಲ್ಲಿ
ಇಪ್ಪತ್ತೆರಡು ವರ್ಷದಿಂದ ರವಿಕೆ ಹೊಲಿಯುತ್ತೇನೆ.
ಯಾರ ಎದೆ ಎಷ್ಟು, ಯಾರ ಬೆನ್ನು ಬಾಗಿದೆ,
ಯಾರಿಗೆ ಎಡಗಡೆ ಒಂದಿಂಚು ಸಡಿಲ ಬೇಕು,
ಎಲ್ಲ ಬಾಯಿಪಾಠ.
ನನ್ನ ಅಳತೆ ಮಾತ್ರ
ಯಾವ ಪುಸ್ತಕದಲ್ಲೂ ಬರೆದಿಲ್ಲ.

ಆಶಾ ಕೆಲಸದ ಸುಗಂಧಿ ಪಟ್ಟಿ ಹಿಡಿದು ಬಂದಳು.
"ನಲವತ್ತೇಳಾ? ನಡಿ, ಶುಕ್ರವಾರ ಮೆಗ್ಗಾನಿಗೆ."
"ಮದುವೆ ಸೀಸನ್ನು ಮಾರಾಯ್ತಿ" ಅಂದೆ.
ಅವಳು ಏಳಲಿಲ್ಲ. ಪೆಡಲಿನ ಮೇಲಿದ್ದ ನನ್ನ ಕಾಲನ್ನೇ
ನೋಡುತ್ತ ಕುಳಿತಳು.

ತಣ್ಣನೆಯ ಯಂತ್ರ. ಎರಡು ಹಲಗೆಯ ನಡುವೆ ಒತ್ತಿ
ಹುಡುಗಿ ಅಂದಳು, "ಉಸಿರು ಹಿಡೀರಿ."
ಇಸ್ತ್ರಿ ಹಾಕಿದ ಹಾಗೆ ಅನ್ನೋಣವೆಂದರೆ
ಬಿಸಿಯೇ ಇರಲಿಲ್ಲ.
ಪರದೆಯಲ್ಲಿ ಕಡಲೆಕಾಳಿನಷ್ಟು ಬಿಳಿ.
"ಸಣ್ಣ ಗಂಟು."

ಗಂಟು ನನಗೆ ಹೊಸದೇ?
ಹಲ್ಲಲ್ಲಿ ಕಚ್ಚಿ ಬಿಚ್ಚಿದ್ದೇನೆ, ಕತ್ತರಿಸಿದ್ದೇನೆ,
ಕೊನೆಯ ಹೊಲಿಗೆಗೆ ನಾನೇ ಹಾಕಿದ್ದೇನೆ.
ಆದರೂ ಅವರು ಸೂಜಿ ತಂದಾಗ ಕಣ್ಣು ಮುಚ್ಚಿಕೊಂಡೆ.
ದಾರವಿಲ್ಲದ ಸೂಜಿ.

"ರಿಪೋರ್ಟು?"
"ಮಂಗಳವಾರ ಬನ್ನಿ."
ನಗು ಬಂತು. ಎಷ್ಟು ಜನಕ್ಕೆ ಹೇಳಿದ್ದೇನೆ ಇದನ್ನೇ,
ಕಾಜಾ ಒಂದೇ ಬಾಕಿ ಎಂದು,
ಬಟ್ಟೆಗೆ ಕತ್ತರಿಯೇ ಮುಟ್ಟಿಸದೆ.
"ಬೇಗ ಸಿಕ್ಕಿದೆಯಲ್ಲ" ಎಂದಳು ಸುಗಂಧಿ,
ನಾನು ಅಳುತ್ತಿದ್ದೇನೆ ಅಂದುಕೊಂಡು.

ರಾತ್ರಿ ಹನ್ನೊಂದಕ್ಕೆ
ಫಿಲೋಮಿನಾ ಟೀಚರ ಹಸಿರು ರವಿಕೆ ಮುಗಿಸಿದೆ,
ಎರಡು ತಿಂಗಳ ಹಿಂದಿನ ಬಾಕಿ.
ಟೇಪನ್ನು ಮೊಳೆಗೆ ತೂಗುಹಾಕುವ ಮುಂಚೆ
ಒಮ್ಮೆ ನನ್ನ ಸುತ್ತ ತಂದೆ.
ಮೂವತ್ತೆಂಟು.
ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದೆ,
ಹೆಸರು ಹಾಕಿ,
ಡೆಲಿವರಿ ತಾರೀಕು ಖಾಲಿ ಬಿಟ್ಟು.