ಸಂಜೆ ಆರರ ಕಂದು ಕೋಳಿ

ಅಜ್ಜಿಯ ದ್ವೀಪಕ್ಕೆ ಫೋನು ಹೋಗುವುದಿಲ್ಲ.
ಗುಡ್ಡದ ನೆತ್ತಿಯಲ್ಲಿ ನಿಂತರೆ ಒಂದು ಗೆರೆ ಸಿಗ್ನಲ್,
ಅದೂ ಗಾಳಿ ಬಿದ್ದ ದಿನ.
ಮಂಡಿನೋವಿನ ಎದೆಲ್ಮೀರಾ ಅಜ್ಜಿ ಗುಡ್ಡ ಹತ್ತುವುದುಂಟೆ?
ಅವಳಿಗಿರುವುದು ಅಡುಗೆಮನೆಯ ಕಪಾಟಿನ ರೇಡಿಯೊ,
ಬೆನ್ನಿಗೆ ರಬ್ಬರ್ ಪಟ್ಟಿ ಬಿಗಿಸಿಕೊಂಡು
ಸಂಜೆ ಆರಕ್ಕೆ ಊರವರ ಚೀಟಿ ಓದುವ ಪೆಟ್ಟಿಗೆ.

ನಾನು ಪ್ವೆರ್ತೊ ಮೊಂತ್‌ನ ಕಾರ್ಖಾನೆಯಲ್ಲಿ
ಸಾಲ್ಮನ್ ಮೀನಿನ ಮುಳ್ಳು ಕೀಳುವವಳು.
ಶನಿವಾರ ಕೈ ತೊಳೆದು, ಮತ್ತೂ ತೊಳೆದು,
ರೇಡಿಯೊ ಕಚೇರಿಯ ಕಿಟಕಿಯಲ್ಲಿ ಚೀಟಿ ಕೊಡುತ್ತೇನೆ.
ಇಪ್ಪತ್ತೈದು ಪದ. ಹೆಚ್ಚಾದರೆ ದೊನ್ ಆರ್ಸೇನಿಯೊನ
ಕೆಂಪು ಪೆನ್ಸಿಲ್ಲು ಮೊದಲು ಹೊಡೆದುಹಾಕುವುದು
‘ತುಂಬಾ’, ‘ನನ್ನ’, ‘ಪ್ರೀತಿಯ’.
ಉಳಿದದ್ದು ಹೀಗಿರುತ್ತದೆ:

‘ಯಲ್ಕುವೆ ದ್ವೀಪದ ಎದೆಲ್ಮೀರಾ ಚಿಗ್ವಾಯ್ ಅವರ ಗಮನಕ್ಕೆ.
ಮೊಮ್ಮಗಳು ಯಾಸ್ನಾ ಕ್ಷೇಮ.
ಮಂಗಳವಾರದ ದೋಣಿಯಲ್ಲಿ ಹಿಟ್ಟು, ಮಂಡಿಗೆ ಮುಲಾಮು.
ದಡದಲ್ಲಿ ಕಾಯುವುದು.’

ಬ್ಯಾಂಕಿನ ನೋಟೀಸಿನಂಥ ಮಾತು.
ಚಿಲೊಯೆಯ ನಡುಗಡ್ಡೆಗಳೆಲ್ಲ ಕೇಳುತ್ತವೆ ಅದನ್ನು,
ಹಸು ಕಳೆದುಕೊಂಡವರು, ಆಸ್ಪತ್ರೆಯ ಸುದ್ದಿಗೆ ಕಾದವರು,
ಸುಮ್ಮನೆ ಕಿವಿ ಇರುವವರು.

ಮೊದಲ ಚಳಿಗಾಲ ಒಮ್ಮೆ ತಡೆಯದೆ
‘ರಾತ್ರಿಯೆಲ್ಲ ಅಳು ಬರುತ್ತದೆ ಅಜ್ಜಿ’ ಎಂದು ಬರೆದುಬಿಟ್ಟೆ.
ಸೋಮವಾರ ಪಾಳಿಯಲ್ಲಿ ನಾಲ್ವರು ಹೆಂಗಸರು,
ಬಸ್ಸಿನಲ್ಲಿ ಒಬ್ಬ ಪಾದ್ರಿ,
ಗುರುತೇ ಇಲ್ಲದ ಒಬ್ಬ ಬಲೆ ಹೆಣೆಯುವವ,
‘ಏನಮ್ಮ, ಯಾಕೆ ಅಳು?’
ಅಜ್ಜಿ ಮಾತ್ರ ಏನೂ ಕೇಳಲಿಲ್ಲ.
ದೋಣಿಯ ರೆಮೀಹಿಯೊ ತಂದ ಆಲೂಗಡ್ಡೆ ಮೂಟೆಯ ತಳದಲ್ಲಿ
ಒಂದು ಉಣ್ಣೆ ಕಾಲುಚೀಲ, ಅದರ ಹಿಮ್ಮಡಿಯಲ್ಲಿ
ಶಾಲೆ ಹುಡುಗನ ಕೈಲಿ ಬರೆಸಿದ ಚೀಟಿ:
‘ಊರಿಗೆಲ್ಲ ಅಳಬೇಡ.
ಕಂದು ಕೋಳಿ ಹೇಗಿದೆ, ಅದನ್ನು ಹೇಳು.’

ಕಂದು ಕೋಳಿ?
ನಾನು ಏಳು ವರ್ಷದವಳಿದ್ದಾಗ ಒಲೆಯ ಹಿಂದೆ ಕೂತು
ಯಾರು ಕರೆದರೂ ಹೊರಬಾರದೆ
ಅಜ್ಜಿಯ ಅಂಗೈಯಿಂದಷ್ಟೇ ಕಾಳು ತಿನ್ನುತ್ತಿತ್ತು.
ಅದು ಸತ್ತು ಹದಿನೈದು ವರ್ಷ.
ಅರ್ಥವಾಗುವಷ್ಟರಲ್ಲಿ ನನಗೆ ಎರಡು ಬಸ್ಸು ತಪ್ಪಿದವು.

ಅಲ್ಲಿಂದ ರೇಡಿಯೊ ಹೇಳುತ್ತದೆ:
‘ಕಂದು ಕೋಳಿ ಕಾಳು ಮುಟ್ಟುತ್ತಿಲ್ಲ.’
‘ಕಂದು ಕೋಳಿಗೆ ಪಕ್ಕದ ಗೂಡಿನಲ್ಲಿ ಗೆಳತಿ ಸಿಕ್ಕಿದ್ದಾಳೆ.’
‘ಕಂದು ಕೋಳಿ ಹುಂಜವೊಂದನ್ನು ಚೆನ್ನಾಗಿ ಕುಕ್ಕಿದೆ.’
ಕಪ್ಪೆಚಿಪ್ಪು ಪುಡಿಮಾಡಿ ತಿನ್ನಿಸು ಎಂದು
ಮೂರು ದ್ವೀಪಗಳಿಂದ ಸಲಹೆ ಬಂತು.
ದೊನ್ ಆರ್ಸೇನಿಯೊ ಕನ್ನಡಕ ಇಳಿಸಿ ನನ್ನನ್ನೊಮ್ಮೆ ನೋಡಿದ.
ಪದ ಎಣಿಸಲಿಲ್ಲ.

ಅವಳ ಉತ್ತರ ಬರುವುದು ಮೂಟೆಯಲ್ಲೇ.
ನೇರಳೆ ಆಲೂಗಡ್ಡೆ ಮೇಲಿದ್ದರೆ ಮಂಡಿ ಪರವಾಗಿಲ್ಲ.
ಹೆಣಿಗೆಯಲ್ಲಿ ಕುಣಿಕೆ ತಪ್ಪಿದ್ದರೆ ಕಣ್ಣು.
ಈ ಸಲ ಎರಡು ಕಡೆ ತಪ್ಪಿತ್ತು.
ಆ ತೂತುಗಳಲ್ಲಿ ಬೆರಳು ತೂರಿಸಿಕೊಂಡು
ಬಸ್ಸಿನಲ್ಲಿ ಕೂತಿದ್ದೆ, ಕೊನೆಯ ನಿಲ್ದಾಣದವರೆಗೆ.

ನಿನ್ನೆ ರೆಮೀಹಿಯೊ ಹಗ್ಗ ಸುತ್ತುತ್ತ ಅಂದ:
‘ನಿನ್ನಜ್ಜಿ ರೇಡಿಯೊ ಜೊತೆಗೇ ಮಾತಾಡ್ತಾಳೆ ಕಣೆ.
ನಿನ್ನ ಚೀಟಿ ಮುಗಿದು ಗಾಳಿಯ ವರದಿ ಶುರುವಾದರೂ
ಅವಳದು ಮುಗಿಯೋದಿಲ್ಲ.
ಉತ್ತರದ ಗಾಳಿ ಮೂವತ್ತು ಗಂಟು ಅಂದ್ರೆ
ಅಂಗಿ ಮೇಲೊಂದು ಅಂಗಿ ಹಾಕ್ಕೋ ಅಂತಾಳೆ.’

ಈ ಶನಿವಾರದ ಚೀಟಿ ಮುಂದಿದೆ.
ಇಪ್ಪತ್ತೊಂದು ಪದವಾಯಿತು.
ಉಳಿದ ನಾಲ್ಕನ್ನು ಖಾಲಿ ಬಿಟ್ಟು, ಓದುವಾಗ
ಅಲ್ಲಿ ಸ್ವಲ್ಪ ನಿಲ್ಲಿ ಎಂದು
ದೊನ್ ಆರ್ಸೇನಿಯೊನನ್ನು ಕೇಳಬೇಕು.