ಒಳಮಡಿಕೆ

ಪೋಲೆಂಡಿನ ವುಚ್ ಪಟ್ಟಣದಲ್ಲಿ ಫೆಬ್ರವರಿ.
ಆಸ್ಪತ್ರೆಯ ಕಾಲೊರಸಿನ ಮೇಲೆ ಕರಗುವ ಕೆಸರುಹಿಮ.
ನನ್ನ ಕೈಯಲ್ಲಿ ಇಪ್ಪತ್ತು ಪ್ರಶ್ನೆಗಳ ಹಾಳೆ, ಇನ್ನೂ ಕರಡು:
'ಕಳೆದ ಏಳು ದಿನ ಊತ ನಿಮ್ಮನ್ನು ಎಷ್ಟು ಕಾಡಿತು?
ಇಲ್ಲವೇ ಇಲ್ಲ. ಸ್ವಲ್ಪ. ಸಾಧಾರಣ. ತುಂಬಾ. ವಿಪರೀತ.
ಒಂದಕ್ಕೆ ಸುತ್ತು ಹಾಕಿ.'

ಬೊಗ್ನಾ ಸುತ್ತು ಹಾಕಲಿಲ್ಲ.
ಮೂವತ್ತೊಂದು ವರ್ಷ ಗಿರಣಿಯ ಹೊಲಿಗೆ ಸಾಲಿನಲ್ಲಿ
ಕಂಡವರ ಸೊಂಟ ಅಳೆದವಳು.
'ಸ್ವಲ್ಪ ಅಂದರೆ ಎಷ್ಟು ಸೆಂಟಿಮೀಟರು?'

ಕೈಚೀಲದಿಂದ ಟೇಪು ತೆಗೆದಳು,
ಸವೆದು ಮೊದಲ ಅಂಕಿಗಳೆಲ್ಲ ಅಳಿಸಿಹೋದದ್ದು.
ಬೆಳಿಗ್ಗೆ ಕಾಲಿನ ಹರಡು ಇಪ್ಪತ್ಮೂರು,
ಸಂಜೆ ಟ್ರಾಮಿನಿಂದ ಇಳಿಯುವಾಗ ಇಪ್ಪತ್ತೇಳು.
'ನಡುವಿನ ನಾಲ್ಕು ಎಲ್ಲಿಂದ ಬಂತು, ಹೇಳಿ?
ದಿನಕ್ಕೆ ಒಂದೇ ಲೀಟರು ನಾನು ಕುಡಿಯುವುದು,
ಸೂಪೂ ಸೇರಿ.'
ದಾದಿ ಹೆಬ್ಬೆರಳೊತ್ತಿ ಮೊಣಕಾಲ ಕೆಳಗೆ ಮಾಡಿದ ಗುಳಿ
ಸೂಜಿಗೆ ದಾರ ಪೋಣಿಸುವಷ್ಟು ಹೊತ್ತು ಹಾಗೇ ಇತ್ತಂತೆ.
ಆಮೇಲೆ ತಾನೇ ತಿದ್ದಿದಳು: 'ಕನ್ನಡಕವಿಲ್ಲದೆ.'

ಮಕ್ಕಳ ವಾರ್ಡಿನ ಕಯೆತಾನ್‌ಗೆ ಎಂಟು ವರ್ಷ.
ರೆಪ್ಪೆ ಎರಡೂ ಅಂಟಿಕೊಂಡು ಏಳುವ ದಿನಕ್ಕೆ
ಅವನಿಟ್ಟ ಹೆಸರು ಕಪ್ಪೆ ದಿನ.
ಈ ವಾರ ಎಷ್ಟು ಎಂದೆ.
ಬೆರಳು ಎಣಿಸಹೋಗಿ, ಇವೂ ದಪ್ಪ ಎಂದು ನಕ್ಕ.
ಶಾಲೆಯಲ್ಲಿ ಫೋಟೋ ತೆಗೆದದ್ದೂ ಕಪ್ಪೆ ದಿನವೇ.
ಅದನ್ನು ಹೇಳುವಾಗ ನಗಲಿಲ್ಲ.

ಸಭೆಯಲ್ಲಿ ಅಳೆದು ಸುರಿದು ನೋಡಿದೆವು.
ಕಪ್ಪೆ ಬೇಡ, ಬೇರೆ ದೇಶದಲ್ಲಿ ಅರ್ಥವಾಗದು, ಎಂದರು ಪ್ರೊಫೆಸರ್ ವಿಟೋಲ್ದ್.
ಸೂಜಿದಾರಕ್ಕೆ ಅಂಕಿ ಕೊಡುವುದು ಹೇಗೆ?
ಹನ್ನೊಂದನೆಯ ಪ್ರಶ್ನೆಯೊಂದು ಬದಲಾಯಿತು.
'ಎಷ್ಟು ದಿನ ಶೂ ನಿಮ್ಮ ಮಾತು ಕೇಳಲಿಲ್ಲ?' ಎಂದು ನಾನು ಬರೆದದ್ದನ್ನು
'ಶೂ ಹಾಕಲು ಕಷ್ಟವಾದ ದಿನಗಳು' ಎಂದು
ಇಸ್ತ್ರಿ ಮಾಡಿ ಕೊಟ್ಟರು.

ಏಪ್ರಿಲ್‌ನಲ್ಲಿ ಆ ಹಾಳೆ ಹಿಡಿದು ಮತ್ತೆ ಹೋದೆ.
ಬೊಗ್ನಾ ಓದಿದಳು, ಐದು ಎಂದು ಬರೆದಳು, ಪೆನ್ನು ಮುಚ್ಚಿದಳು.
ಏನೋ ನೆನಪಾದವಳಂತೆ
ಉಣ್ಣೆಲಂಗದ ಸೊಂಟಪಟ್ಟಿಯನ್ನು ಮಗುಚಿ ತೋರಿಸಿದಳು:
ಒಳಮಡಿಕೆಯಲ್ಲಿ ಬಿಚ್ಚಿ ಹೊಲಿದು, ಹೊಲಿದು ಬಿಚ್ಚಿದ ಗೆರೆಗಳು,
ಪಕ್ಕದಲ್ಲಿ ನೀಲಿ ಸೀಮೆಸುಣ್ಣದ ತಾರೀಖು.
ನವೆಂಬರಿನ ಗೆರೆಯಿಂದಾಚೆಗೆ ಬಟ್ಟೆಯೇ ಇರಲಿಲ್ಲ.
'ಅಲ್ಲಿಂದ ಎಲಾಸ್ಟಿಕ್ಕು' ಎಂದಳು.

ಹಾಳೆಯ ಅಂಚಿನಲ್ಲಿ ಅಷ್ಟನ್ನೂ ಗುರುತು ಹಾಕಿಕೊಂಡೆ.
ಅಂಚಿನಲ್ಲಿ ಬರೆದದ್ದನ್ನು
ಯಾರೂ ಕಂಪ್ಯೂಟರಿಗೆ ಏರಿಸುವುದಿಲ್ಲ.