ಬಾಡಿಗೆ ಕೋಟು

ಮೂರು ಫೋಟೊ, ಮೂವರು ಗಂಡಸರು, ಒಂದೇ ಕೋಟು.
ದಾವಣಗೆರೆ ಮಂಡಿಪೇಟೆಯ ಸ್ಟುಡಿಯೊದವನು
ಬೆನ್ನ ಹಿಂದೆ ಪಿನ್ನು ಸಿಕ್ಕಿಸಿ
ಒಬ್ಬೊಬ್ಬರ ಮೈಗೂ ಹೊಂದಿಸಿಕೊಟ್ಟದ್ದು.
ಮೊದಲನೆಯವನು ನನ್ನಜ್ಜ ಥಾವರ್ಯಾ ನಾಯ್ಕ.
ಎರಡನೆಯವನ ಹೆಸರು ಯಾರಿಗೂ ನೆನಪಿಲ್ಲ.
ಮೂರನೆಯವನು ಅಜ್ಜನ ತಮ್ಮ ರೂಪ್ಲ್ಯಾ,
ಜೇಬಲ್ಲಿ ಮುಚ್ಚಳವಿಲ್ಲದ ಪೆನ್ನು.

ಎದೆಮಟ್ಟಕ್ಕೇ ಮುಗಿಯುತ್ತದೆ ಫೋಟೊ.
"ಕೆಳಗೆ ಪಂಚೆ ಇತ್ತು," ಅನ್ನುತ್ತಾಳೆ ಅಜ್ಜಿ ಜೀಮ್ಲಿಬಾಯಿ,
"ಪಂಚೆ ತುಂಬ ಗದ್ದೆ ಇತ್ತು.
ಕಾಲು ತೊಳ್ಕಂಡು ಬರ್ರಿ ಅಂದ ಫೋಟೊದವ,
ತೊಳೆದ್ರೆ ಹೋಗೋ ಕೆಸರಾ ಅದು?"

ಕಾಲುವೆಗೆ ನೀರು ಬಿಟ್ಟ ಸುದ್ದಿ ಬಂದ ದಿನವೇ
ಜಗಳೂರು ಕಡೆಯ ತಾಂಡಾದಿಂದ ಲಾರಿ ಹತ್ತುವರು.
ನಾಲ್ಕನೇ ಕ್ಯಾಂಪು. ಊರಲ್ಲ,
ಅಂಚೆಯವನ ಪಟ್ಟಿಯಲ್ಲಿಲ್ಲ.
ಗೊಬ್ಬರದ ಚೀಲ ಹೊಲಿದ ಗೋಡೆ,
ಅದರ ಮೇಲೆ ತಲೆಕೆಳಗಾದ 'ಯೂರಿಯಾ'.
ನನ್ನಪ್ಪ ಅಕ್ಷರ ಕಲಿತದ್ದು ಆ ಗೋಡೆಯಿಂದ,
ಈಗಲೂ ಪೇಪರು ತುಸು ಓರೆ ಹಿಡಿಯುತ್ತಾನೆ.

ಕನ್ನಡಿ ಹೊಲಿದ ಫೇಟಿಯಾ ನಾಟಿಗೆ ಆಗೋದಿಲ್ಲ,
ಸೀರೆ ಉಟ್ಟು ಬರ್ರಿ ಅಂದ ಮೇಸ್ತ್ರಿ.
ಮೊದಲ ವರ್ಷ ಅಜ್ಜಿ ಕೇಳಲಿಲ್ಲ.
ಹದಿನೇಳು ಕನ್ನಡಿ ಕೆಸರಿಗೆ ಹೋದವು, ಎಣಿಸಿದ್ದಾಳೆ.
ಎರಡನೇ ವರ್ಷ ಸೀರೆ ಉಟ್ಟಳು.
ಆ ಮಾತನ್ನು ಅಲ್ಲಿಗೇ ಬಿಡುತ್ತಾಳೆ.

ಕೂಲಿ ಮೂರು ರೂಪಾಯಿ. ನಾಲ್ಕು ಕೊಡಿ ಎಂದು
ಸಸಿಯ ಕಟ್ಟು ಬದುವಿಗಿಟ್ಟು ಕೂತರು.
ಮಾರನೇ ಬೆಳಗ್ಗೆ ಸಾಹುಕಾರ
ಮೊಳಕಾಲ್ಮುರು ಕಡೆಯ ತೆಲುಗು ಮಾತಿನವರನ್ನು
ಟ್ರ್ಯಾಕ್ಟರಿನಲ್ಲಿ ತಂದಿಳಿಸಿದ.
ಇವರ ಮಾತು ಅವರಿಗೆ ಬಾರದು, ಅವರದು ಇವರಿಗೆ,
ನಡುವೆ ಬೈಗುಳಕ್ಕೆ ಸಾಕಾಗುವಷ್ಟು ಕನ್ನಡ.
ಅದೂ ಮುಗಿಯಿತು.
ಸುಂಕಮ್ಮನ ಕಂಕುಳ ಕೂಸು ಅಳತೊಡಗಿತು,
ಅಜ್ಜಿ ರೊಟ್ಟಿ ಮುರಿದು ಕೊಟ್ಟಳು.
ಕನಿಕರ ಏನಲ್ಲ, ಕಿವಿ ತೂತಾಗ್ತಿತ್ತು ಅನ್ನುತ್ತಾಳೆ.
ಎಷ್ಟು? ಎಂಬಂತೆ ಕೈ ತಿರುವಿದಳು ಸುಂಕಮ್ಮ.
ನಾಲ್ಕು ಬೆರಳು ತೋರಿಸಿದಳು ಅಜ್ಜಿ.
ಇನ್ನೊಂದು ಕಟ್ಟು ಬದುವಿಗೆ ಬಂತು,
ಆಮೇಲೆ ಇನ್ನೊಂದು.
ಐದು ದಿನ. ಮಡಿಯಲ್ಲೇ ಸಸಿ ಹಳದಿಯಾಯಿತು.
ಮೂರೂಮುಕ್ಕಾಲಿಗೆ ಒಪ್ಪಂದ.
"ನಾಲ್ಕಾಣೆ ಇನ್ನೂ ಬರಬೇಕು ನಂಗೆ."

ರೂಪ್ಲ್ಯಾನ ಫೋಟೊ ಹೊಳಲ್ಕೆರೆ ಕಡೆ ಹೆಣ್ಣಿನ ಮನೆಗೆ ಹೋಗಿತ್ತು.
ಕೋಟು ನಿಂದೇನಾ ಅಂದರಂತೆ. ಅಲ್ಲ ಅಂದನಂತೆ.
ಬರೋ ವರ್ಷ ನೋಡೋಣ ಅಂದರು.
ಬರೋ ವರ್ಷ ಕಬ್ಬು, ಅದರಾಚೆ ವರ್ಷ ಮತ್ತೆ ಭತ್ತ.
ಫೋಟೊ ವಾಪಸು ಬಂತು,
ಬೆನ್ನಿಗೆ ಯಾರದೋ ಹಾಲಿನ ಲೆಕ್ಕ.
ಕ್ಯಾಂಪಿನ ಮಕ್ಕಳಿಗೆಲ್ಲ ಅವನೇ ಕಾಕಾ,
ಅಪ್ಪನ ಹೈಸ್ಕೂಲು ಫೀಜು ಅವನ ಬೆನ್ನಿನದು.
ಮದುವೆಯಾಗದವನನ್ನು ನಮ್ಮಲ್ಲಿ ಸುಡುವುದಿಲ್ಲ,
ಕಾಲುವೆ ದಂಡೆಯಲ್ಲಿ ಮಣ್ಣು ಮಾಡಿದರು.
ಕಾಲುವೆ ಅಗಲವಾದಾಗ ಆ ದಂಡೆಯೂ ಹೋಯಿತು.

ನಾನು ಹರಿಹರ ರಸ್ತೆಯ ಅಕ್ಕಿ ಗಿರಣಿಯಲ್ಲಿ
ಕಾಳಿನ ಬಣ್ಣ ನೋಡುವ ಯಂತ್ರದ ಮುಂದೆ ಕೂರುತ್ತೇನೆ.
ಬೇಡದ್ದನ್ನು ಉಫ್ ಎಂದು ಊದಿ ಪಕ್ಕಕ್ಕೆ ತಳ್ಳುತ್ತದೆ ಅದು:
ಕರಿಕಾಳು, ಕಲ್ಲು, ಗಾಜು.
ಶಿಫ್ಟು ಮುಗಿದ ಮೇಲೆ ಆ ಡಬ್ಬಿ ಕೆದಕುವುದು ರೂಢಿ.
ಬಾಟಲಿ ಚೂರು ಸಿಕ್ಕಿದೆ, ಬಲ್ಬಿನದು ಸಿಕ್ಕಿದೆ.
"ಹುಚ್ಚಿ, ನನ್ನ ಕನ್ನಡಿ ಅಲ್ಲಿಗ್ಯಾಕೆ ಬರ್ತಾವೆ,
ಎಲ್ಲೆಲ್ಲಿ ಬಿದ್ವು ಅಂತ ನಂಗೊತ್ತು."

ಎರಡನೆಯವನ ಹೆಸರು ನೆನಪಾಯ್ತಾ,
ಪ್ರತಿ ಸಲ ಕೇಳುತ್ತೇನೆ.
ನಿನ್ನೆ ಫೋಟೊವನ್ನು ಕಿಟಕಿ ಬೆಳಕಿಗೆ ಹಿಡಿದು
ತುಂಬ ಹೊತ್ತು ನೋಡಿದಳು.
ಹೆಸರು ಹೇಳಲಿಲ್ಲ.
"ಕೋಟು ಸರಿಯಾಗಿ ಕೂತಿದ್ದು ಇವನಿಗೊಬ್ಬನಿಗೇ,
ಪಿನ್ನೇ ಬೇಕಾಗಿರಲಿಲ್ಲ," ಅಂದಳು.